ಕಮಲದ ಎಲೆ ಮೇಲೆ ನೀರು ಯಾಕೆ ಅಂಟುವುದಿಲ್ಲ? ಅದರಿಂದ ನಮಗೇನು ಉಪಯೋಗ?

ಎಲೆ ನುಣುಪಾಗಿದೆ, ಅದಕ್ಕೇ ನೀರು ಜಾರುತ್ತದೆ ಅನ್ನಿಸುತ್ತದೆ ಅಲ್ವಾ? ನಿಜ ಉಲ್ಟಾ. ಎಲೆ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ, ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳು. ಹನಿ ಆ ತುದಿಗಳ ಮೇಲಷ್ಟೇ ಕೂರುತ್ತದೆ, ಕೆಳಗೆಲ್ಲ ಗಾಳಿ, ಹಾಗಾಗಿ ದುಂಡಗೆ ಉರುಳುತ್ತಾ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ಕೆಸುವಿನ ಎಲೆಯಲ್ಲೂ ಹೀಗೇ. ಅದರ ಮೇಲೆ ಚಿಟಿಕೆ ಮಣ್ಣು ಉದುರಿಸಿ ನಾಲ್ಕು ಹನಿ ಬಿಟ್ಟು ನೋಡಿ, ಪಾದರಸದ ಹಾಗೆ ಓಡುತ್ತವೆ, ನನಗಂತೂ ಎಷ್ಟು ಸಲ ನೋಡಿದರೂ ಸಾಕಾಗಲ್ಲ.

ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಅವರ ಜೊತೆಗಾರರು 1997ರಲ್ಲಿ ಇದನ್ನು ವಿವರವಾಗಿ ಬರೆದರು. 1999ರಲ್ಲಿ ಇದೇ ಗುಟ್ಟಿನ ಮೇಲೆ ಮಾಡಿದ ಗೋಡೆ ಬಣ್ಣ ಮಾರುಕಟ್ಟೆಗೆ ಬಂತು. ಮಳೆಯೇ ಗೋಡೆ ತೊಳೆದರೆ ಏಣಿ, ಸೋಪು, ಕೂಲಿ ಎಲ್ಲದರ ಖರ್ಚೂ ತಗ್ಗುತ್ತದೆ.