ಹೊಸ ಕಾಂಕ್ರೀಟ್ ಕಾಲುದಾರಿಗೆ ಮೂರನೆಯ ದಿನವೇ ಸೀಲರ್ ಬಳಿಯಬಹುದೇ?

ಗೇಟಿನಿಂದ ಮನೆಯ ಮೆಟ್ಟಿಲವರೆಗೆ ನಾಲ್ಕಿಂಚು ಕಾಂಕ್ರೀಟ್ ಹಾಕಿಸಿ ಮೂರು ದಿನವಾಯಿತು, ಮೇಸ್ತ್ರಿ ಇನ್ನು ನೀರು ಸಾಕು ಎನ್ನುತ್ತಾರೆ, ಅಂಗಡಿಯವರು ಈಗಲೇ ಸೀಲರ್ (ನೀರು ಇಂಗದಂತೆ ತಡೆಯುವ ಲೇಪ) ಬಳಿಯಿರಿ ಎನ್ನುತ್ತಾರೆ, ಯಾರ ಮಾತು ಕೇಳಲಿ ಎಂದಿದ್ದೀರಿ. ಸದ್ಯಕ್ಕೆ ಇಬ್ಬರದೂ ಬೇಡ. ನೀರು ಹಾಕುವುದನ್ನು ನಿಲ್ಲಿಸಬೇಡಿ, ಸೀಲರ್ ಡಬ್ಬದ ಮುಚ್ಚಳ ತೆಗೆಯಬೇಡಿ.

ನಾನು ಎಂಜಿನಿಯರ್ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಅಂಗಳದಿಂದ ಬಾವಿಯವರೆಗೆ ಇಂಥದೇ ದಾರಿ ಹಾಕಿಸಿ ಅರ್ಧ ಕೆಡಿಸಿಕೊಂಡವನು. ಅದರ ಒಂದು ಭಾಗ ಹಲಸಿನ ಮರದ ನೆರಳಿನಲ್ಲಿದೆ, ಇನ್ನೊಂದಕ್ಕೆ ನೆತ್ತಿಯ ಬಿಸಿಲು. ಒಂದೇ ದಿನ ಹಾಕಿದ್ದು, ಒಂದೇ ಮಿಕ್ಸರಿನ ಮಾಲು. ಮಾರ್ಚ್ ತಿಂಗಳು. ಬೆಳಿಗ್ಗೆ ಸಂಜೆ ಪೈಪು ಹಿಡಿದು ನೀರು ಚಿಮುಕಿಸಿದರೆ ಕ್ಯೂರಿಂಗ್ (ಒದ್ದೆಯಾಗಿಟ್ಟು ಗಟ್ಟಿಯಾಗಲು ಬಿಡುವುದು) ಮುಗಿಯಿತು ಎಂದುಕೊಂಡಿದ್ದೆ. ನಾಲ್ಕನೆಯ ದಿನ ಅದೂ ನಿಂತಿತು. ಈಗ ನೆರಳಿನ ಭಾಗ ಕಲ್ಲಿನಂತಿದೆ. ಬಿಸಿಲಿನ ಭಾಗವನ್ನು ಹಿಡಿಸೂಡಿಯಿಂದ ಗುಡಿಸಿದಷ್ಟೂ ಬೂದು ಪುಡಿ ಏಳುತ್ತದೆ, ಕೀಲಿಕೈಯಿಂದ ಗೀಚಿದರೆ ಮರಳು ಉದುರುತ್ತದೆ.

ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ, ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವುದು. ಮೇಲ್ಪದರ ಒಣಗಿತೆಂದರೆ ಅಲ್ಲಿ ಆ ಕೆಲಸ ನಿಂತಿತು. ಭಾರತೀಯ ಮಾನಕ ಐಎಸ್ 456 ಓಪಿಸಿ (ಬೆರಕೆಯಿಲ್ಲದ ಸಾಮಾನ್ಯ) ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದು ಬೆರೆತ ಸಿಮೆಂಟಾದರೆ ಅಥವಾ ಹವೆ ಬಿಸಿಯಾಗಿ ಒಣಗಿದ್ದರೆ ಕನಿಷ್ಠ 10 ದಿನ ಒದ್ದೆಯಾಗಿಡಬೇಕು ಎನ್ನುತ್ತದೆ. ಖಾಲಿ ಚೀಲವನ್ನು ತಿರುಗಿಸಿ ನೋಡಿ. ಪಿಪಿಸಿ (ಬೆರಕೆ ಸಿಮೆಂಟು) ಎಂದಿದ್ದರೆ 14 ದಿನ ಮಾಡಿ, ಖರ್ಚು ನೀರಿನದಷ್ಟೇ.

ತಾರಸಿಗಾದರೆ ಕಟ್ಟೆ ಕಟ್ಟಿ ನೀರು ನಿಲ್ಲಿಸಬಹುದು. ದಾರಿಗೆ ಇಳಿಜಾರು ಇರುವುದರಿಂದ ಗೋಣಿಚೀಲವೇ ಸರಿ. ಚೀಲಗಳನ್ನು ನೆನೆಸಿ ಒಂದರ ಮೇಲೊಂದು ಸ್ವಲ್ಪ ಬರುವಂತೆ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಕಲ್ಲು ಹೇರಿ. ಮಧ್ಯಾಹ್ನ ಎರಡು ಗಂಟೆಗೆ ಎತ್ತಿ ಕೈಯಿಟ್ಟು ನೋಡಿದಾಗಲೂ ಅಡಿಯಲ್ಲಿ ತೇವ ಇರಬೇಕು. ಉಪ್ಪು, ಗೊಬ್ಬರ, ಸಕ್ಕರೆ ತುಂಬಿದ್ದ ಚೀಲವಾದರೆ ಚೆನ್ನಾಗಿ ತೊಳೆದುಕೊಳ್ಳಿ. ಹಿಂಡಿಯ ಚೀಲವನ್ನಂತೂ ಹಾಸಲೇಬೇಡಿ: ನೆರಳಿನ ಭಾಗದಲ್ಲಿ ನಾನು ಹಾಸಿದ್ದ ಒಂದನ್ನು ಕರು ತೋಟದವರೆಗೆ ಎಳೆದುಕೊಂಡು ಹೋಗಿ ಅಗಿಯುತ್ತಾ ನಿಂತಿತ್ತು.

ಅಂಗಡಿಯವರು ಹೇಳಿದ್ದು ಕ್ಯೂರಿಂಗ್ ಕಾಂಪೌಂಡ್ ಇರಬಹುದೇ, ಕೇಳಿ ನೋಡಿ. ಅದು ಬೇರೆ ವಸ್ತು, ಒಳಗಿನ ನೀರು ಆರಿಹೋಗದಂತೆ ತಡೆಯುವ ಲೇಪ. ಕಾಂಕ್ರೀಟ್ ನುಣುಪು ಮಾಡಿ, ಮೇಲಿನ ನೀರಿನ ಹೊಳಪು ಆರಿದ ಕೂಡಲೇ ಸಿಂಪಡಿಸಬೇಕಾದದ್ದು. ಮೂರನೆಯ ದಿನಕ್ಕೆ ಅದರ ಹೊತ್ತು ಮೀರಿದೆ.

ಸೀಲರಿಗೆ 28 ದಿನ ಕಾಯುವುದು ವಾಡಿಕೆ. ಒಳಗೆ ತೇವ ಇರುವಾಗ ಮೇಲೆ ಪೊರೆ ಕಟ್ಟುವ ಅಕ್ರಿಲಿಕ್ ಸೀಲರ್ ಬಳಿದರೆ ಆ ಪೊರೆ ಬೆಳ್ಳಗಾಗುತ್ತದೆ, ಗುಳ್ಳೆ ಎದ್ದು ಸುಲಿಯುತ್ತದೆ. ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಬೆವರು ಕಂಡರೆ ಇನ್ನೂ ಒಣಗಿಲ್ಲ.

ಆದರೆ ನಿಮಗೆ ಸೀಲರ್ ಬೇಕೇ? ಹಿಮ ಕರಗಿಸಲು ಉಪ್ಪು ಚೆಲ್ಲುವ ದೇಶಗಳಲ್ಲಿ ಅದು ಕಾಂಕ್ರೀಟನ್ನು ನಿಜಕ್ಕೂ ಉಳಿಸುತ್ತದೆ. ನಮ್ಮಲ್ಲಿ ಹಿಮವಿಲ್ಲ, ಜಾರಿಕೆಯಿದೆ. ಹೊಳೆಯುವ ಅಕ್ರಿಲಿಕ್ ಮೇಲೆ ಮಳೆ ಬಿದ್ದರೆ ಕಾಲು ನಿಲ್ಲುವುದಿಲ್ಲ. ಬಳಿಯಲೇಬೇಕೆಂದಿದ್ದರೆ ಒಳಗೆ ಇಂಗುವ ಸಿಲೇನ್-ಸಿಲಾಕ್ಸೇನ್ ಬಗೆಯದನ್ನು ಕೇಳಿ. ಅದು ಮೇಲೆ ಪೊರೆ ಕಟ್ಟುವುದಿಲ್ಲ.

ಬಿಸಿಲಿನ ಭಾಗಕ್ಕೆ ಕಳೆದ ಬೇಸಿಗೆಯಲ್ಲಿ ಮೇಲ್ಪದರ ಗಟ್ಟಿಮಾಡುವ ಸೋಡಿಯಂ ಸಿಲಿಕೇಟ್ ದ್ರಾವಣ ಬಳಿದೆ. ಪುಡಿ ಕಡಿಮೆಯಾಗಿದೆ, ನಿಂತಿಲ್ಲ. ನೆರಳಿನ ಭಾಗಕ್ಕೆ ಏನೂ ಬಳಿದಿಲ್ಲ. ಮಳೆಗಾಲದಲ್ಲಿ ಅಲ್ಲಿ ಪಾಚಿ ಕಟ್ಟುತ್ತದೆ, ಅಡಿಕೆ ಸೋಗೆ ಹಾಸಿಕೊಂಡು ನಡೆಯುತ್ತೇವೆ.