ಪಿಸಿಸಿಗೆ ಅರ್ಜಿ ಹಾಕುವ ಮೊದಲು ಮನೆಗೊಂದು ಫೋನ್ ಮಾಡಿ

ಊರು ತುಮಕೂರು, ಒಂದೂವರೆ ವರ್ಷ ಸಿಂಗಪುರದಲ್ಲಿದ್ದೆ, ಅಡಿಲೇಡ್‌ಗೆ ಬಂದು ಒಂದು ವರ್ಷ ದಾಟಿತು, ಈಗ ಮೆಲ್ಬರ್ನ್‌ಗೆ ಬರುತ್ತಿದ್ದೇನೆ ಅಂದಿರಿ. ಆಸ್ಟ್ರೇಲಿಯಾದ ಪಿಆರ್ (ಕಾಯಂ ವಾಸದ ವೀಸಾ) ಅರ್ಜಿಗೆ ಎಲ್ಲೆಲ್ಲಿಯ ಪೊಲೀಸ್ ಸರ್ಟಿಫಿಕೇಟ್ (ನಮ್ಮಲ್ಲಿ ಪಿಸಿಸಿ ಅನ್ನುವುದು, ಕೇಸೇನೂ ಇಲ್ಲ ಅನ್ನುವ ಪತ್ರ) ಬೇಕು, ಇಲ್ಲೇ ಕೂತು ತರಿಸಬಹುದಾ ಅಂತ ಕೇಳಿದ್ದೀರಿ. ಜೊತೆಗೆ ಮೆಲ್ಬರ್ನ್ ಬಾಡಿಗೆ, ರಾಗಿ ಹಿಟ್ಟಿನ ವಿಚಾರ. ಬಾಡಿಗೆ ಜಾಸ್ತಿ. ರಾಗಿ ಹಿಟ್ಟು ಡ್ಯಾಂಡೆನಾಂಗ್ ಕಡೆ ಅಂಗಡಿಗಳಲ್ಲಿ ಸಿಗುತ್ತದೆ. ಅದು ಮುಗಿಯಿತು.

16 ವರ್ಷ ತುಂಬಿದ ಮೇಲೆ, ಕಳೆದ 10 ವರ್ಷಗಳಲ್ಲಿ, ಒಟ್ಟು 12 ತಿಂಗಳು ಅಥವಾ ಜಾಸ್ತಿ ಇದ್ದ ಪ್ರತಿ ದೇಶದ್ದೂ ಬೇಕು. ಒಟ್ಟು ಅನ್ನುವ ಮಾತು ಮರೆಯಬೇಡಿ. ನಡುವೆ ಊರಿಗೆ ಹೋಗಿ ಬಂದರೂ ತಿಂಗಳುಗಳನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ. ಹಾಗಾಗಿ ನಿಮಗೆ ಮೂರೂ ಬೇಕು. ಸಾಮಾನ್ಯವಾಗಿ ಸರ್ಟಿಫಿಕೇಟ್ 12 ತಿಂಗಳು ನಡೆಯುತ್ತದೆ. ತೀರಾ ಮುಂಚೆ ತರಿಸಿಟ್ಟುಕೊಂಡು ಮತ್ತೆ ದುಡ್ಡು ಕಟ್ಟಬೇಡಿ.

ಆಸ್ಟ್ರೇಲಿಯಾದ್ದು ಸುಲಭ. ಎಎಫ್‌ಪಿಗೆ (ಇಲ್ಲಿಯ ಫೆಡರಲ್ ಪೊಲೀಸ್) ಆನ್‌ಲೈನಲ್ಲೇ ಅರ್ಜಿ, ಕಾರಣದ ಜಾಗದಲ್ಲಿ ಕೋಡ್ 33. ನಮ್ಮವರು ಎಡವುವುದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಮದುವೆ ಆದ ಮೇಲೆ ಇನ್ನೊಂದು. ಇಟ್ಟುಕೊಂಡ ಹೆಸರುಗಳನ್ನೆಲ್ಲ ಬರೆಯಿರಿ. ಸಿಂಗಪುರದ್ದಕ್ಕೆ ಬೆರಳಚ್ಚು ಬೇಕು. ಇಲ್ಲಿಯ ಪೊಲೀಸರೇ ಅಪಾಯಿಂಟ್‌ಮೆಂಟ್ ಕೊಟ್ಟು, ಫೀಸು ತಗೊಂಡು, ತೆಗೆದು ಕೊಡುತ್ತಾರೆ.

ಇನ್ನು ನಮ್ಮ ದೇಶದ್ದು. ಊರಿನ ಠಾಣೆಯಿಂದ ಬರೆಸಿಕೊಂಡ ಪತ್ರ ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲಾಖೆ ಕಡೆಯಿಂದ ಬರುವ ಪಿಸಿಸಿಯೇ ಆಗಬೇಕು. ಇಲ್ಲಿಂದಾದರೆ ಆನ್‌ಲೈನ್ ಫಾರಂ ತುಂಬಿ ಅರ್ಜಿ ತಗೊಳ್ಳುವ ಏಜೆನ್ಸಿ ವಿಎಫ್‌ಎಸ್ ಮೂಲಕ ನಮ್ಮ ಕಾನ್ಸುಲೇಟ್‌ಗೆ ಕಳಿಸಬೇಕು. ಹೊಸದಾಗಿ ವಿಚಾರಣೆ ಬೇಕಾದರೆ ಕಾಗದ ಊರಿನ ಠಾಣೆಗೂ ಹೋಗುತ್ತದೆ. ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

2014ರಲ್ಲಿ ನಾನು ಅರ್ಜಿ ಹಾಕಿದೆ. ಪಾಸ್‌ಪೋರ್ಟಿನಲ್ಲಿದ್ದದ್ದು ಅರಸೀಕೆರೆ ಕಡೆಯ ನಮ್ಮ ಹಳ್ಳಿ ಮನೆ. ಅಪ್ಪ ರಿಟೈರ್ಡ್ ಮೇಷ್ಟ್ರು. ಠಾಣೆ ಮೆಟ್ಟಿಲು ಹತ್ತಿದವರಲ್ಲ. ಇಂಥದ್ದೊಂದು ಅರ್ಜಿ ಹಾಕಿದ್ದೇನೆ ಅಂತ ನಾನು ಅವರಿಗೆ ಹೇಳಿರಲಿಲ್ಲ. ಪಿಆರ್ ಬಂದ ಮೇಲೆ ಒಟ್ಟಿಗೇ ಹೇಳಿ ಖುಷಿಪಡಿಸೋಣ ಅನ್ನುವ ಜಂಬ.

ಒಂದು ದಿನ ಬೆಳಿಗ್ಗೆ ಬೈಕಿನಲ್ಲಿ ಪೊಲೀಸಿನವರು ಬಂದರು. ನನ್ನ ಹೆಸರು ಹೇಳಿ, ಇವನು ನಿಮ್ಮ ಮಗನಾ, ಯಾವುದಾದರೂ ಕೇಸು ಇದೆಯಾ ಅಂತ ಕೇಳಿದರಂತೆ. ಅವರ ಕೆಲಸ ಅವರು ಮಾಡಿದರು, ತಪ್ಪೇನಿಲ್ಲ. ರೇಷನ್ ಕಾರ್ಡ್ ಹಿಡಿದು, ಅಕ್ಕಪಕ್ಕದ ಇಬ್ಬರನ್ನು ಕರೆದುಕೊಂಡು ಠಾಣೆಗೆ ಬನ್ನಿ ಅಂದು ಹೋದರು. ಪಕ್ಕದವರನ್ನು ಕರೆಯಬೇಕಾದರೆ ಏನಂತ ಕರೆಯುತ್ತಾರೆ ಹೇಳಿ? ಸಂಜೆಯೊಳಗೆ ಟೀ ಅಂಗಡಿಯಲ್ಲಿ ಸುದ್ದಿ. ಮೇಷ್ಟ್ರ ಮಗ ಫಾರಿನ್ನಲ್ಲಿ ಏನೋ ಮಾಡ್ಕೊಂಡಿದಾನಂತೆ.

ಅಪ್ಪ ಫೋನ್ ಮಾಡಿದರು. ನಾನು ಶಿಫ್ಟ್‌ನಲ್ಲಿದ್ದೆ, ಕಟ್ ಮಾಡಿದೆ. ಮಾರನೇ ದಿನವೂ ಹಾಗೇ. ಮೂರನೇ ದಿನ ನಾನೇ ಮಾಡಿದಾಗ ಅವರು ಊಟ ಆಯಿತಾ ಅಂತಲೂ ಕೇಳಲಿಲ್ಲ. "ನಿಜ ಹೇಳಪ್ಪ, ಅಲ್ಲಿ ಏನಾದ್ರೂ ಆಗಿದ್ಯಾ? ಇರೋ ತೋಟ ಮಾರಾದ್ರೂ ಬಿಡಿಸ್ಕೋತೀನಿ" ಅಂದರು.

ನಾನು ನಕ್ಕುಬಿಟ್ಟೆ. ಜೋರಾಗಿ. ಆಮೇಲೆ ವಿಷಯ ಬಿಡಿಸಿ ಹೇಳಿದೆ, ಅವರೂ ಹೂಂ ಅಂದರು. ಆದರೆ ಎರಡು ರಾತ್ರಿ ನಿದ್ದೆ ಇಲ್ಲದೆ ತೋಟದ ಲೆಕ್ಕ ಹಾಕಿದ್ದ ಮನುಷ್ಯನಿಗೆ ನಾನು ಮೊದಲು ಕೊಟ್ಟದ್ದು ಆ ನಗು. ಈಗಲೂ ಅದು ಕಿವಿಯಲ್ಲಿದೆ. ಪಿಆರ್ ಬಂತು ಅಂತ ಹೇಳಿದ ದಿನ ಅವರು ಮೊದಲು ಕೇಳಿದ್ದು, "ಮತ್ತೆ ಪೊಲೀಸ್ನೋರು ಬರಲ್ಲ ತಾನೇ?"

ಅದಕ್ಕೇ ಹೇಳುತ್ತಿದ್ದೇನೆ. ಪಾಸ್‌ಪೋರ್ಟಿನಲ್ಲಿ ಯಾವ ವಿಳಾಸ ಇದೆ ನೋಡಿ. ಹಳೇ ಬಾಡಿಗೆ ಮನೆಯದ್ದಾದರೆ ಆ ಓನರ್‌ಗೂ ಒಂದು ಮಾತು ಹೇಳಿಡಿ. ಅರ್ಜಿಯ ಜೆರಾಕ್ಸ್ ಒಂದನ್ನು ಅಮ್ಮನ ವಾಟ್ಸಾಪ್‌ಗೆ ಹಾಕಿ, ಪಕ್ಕದ ಮನೆಯವರಿಗೆ ತೋರಿಸಲಿ. ಇಲ್ಲಿ ರಾತ್ರಿ ಒಂಬತ್ತಾದರೆ ಅಲ್ಲಿನ್ನೂ ಸಂಜೆ. ಕಾಫಿ ಹೊತ್ತಿಗೆ ಮನೆಗೆ ಫೋನ್ ಮಾಡಿ, ಮನೆಯಲ್ಲಿ ಎಲ್ಲರೂ ಇರುತ್ತಾರೆ.