ಅಪ್ಪನಿಗೆ ಆಂಟಿಆಕ್ಸಿಡೆಂಟ್ ಮಾತ್ರೆ ಕೊಡಬಹುದಾ?

ಪ್ರಶ್ನೆ: ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ಕೀಮೋ ನಡೆಯುತ್ತಿದೆ. ಚಿಕ್ಕಪ್ಪ ವಿಟಮಿನ್ ಸಿ, ಇ ಇರುವ ಆಂಟಿಆಕ್ಸಿಡೆಂಟ್ ಮಾತ್ರೆ ತಂದುಕೊಟ್ಟಿದ್ದಾರೆ. ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ ಗಡ್ಡೆಗೆ ರಕ್ತನಾಳ ಬೆಳೆಯುತ್ತೆ, ಇದು ಅದನ್ನು ತಡೆಯುತ್ತೆ ಅಂತಾರೆ. ಕೊಡಬಹುದಾ?

ಉತ್ತರ: ಸದ್ಯಕ್ಕೆ ಕೊಡಬೇಡಿ. ಡಬ್ಬಿಯನ್ನು ಹಾಗೇ ಒಯ್ದು ಅಪ್ಪನ ಡಾಕ್ಟರಿಗೆ ತೋರಿಸಿ. ಚಿಕ್ಕಪ್ಪ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಮೊದಲು ಅದನ್ನೇ ನೋಡೋಣ.

ಗಡ್ಡೆ ಒಂದೆರಡು ಮಿಲಿಮೀಟರ್, ಅಂದರೆ ರಾಗಿ ಕಾಳಿನಷ್ಟು ಇರುವವರೆಗೆ ಅಕ್ಕಪಕ್ಕದ ನಾಳಗಳಿಂದ ಸಿಗುವ ಆಮ್ಲಜನಕದಲ್ಲೇ ಬದುಕುತ್ತದೆ. ಅದಕ್ಕಿಂತ ದೊಡ್ಡದಾಗಲು ಸ್ವಂತ ರಕ್ತನಾಳ ಬೇಕು. ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ಇದನ್ನು ಹೇಳಿದ್ದರು.

ನಾಳ ಕರೆಸಿಕೊಳ್ಳುವುದರಲ್ಲಿ ಎಚ್‌ಐಎಫ್ ಎಂಬ ಪ್ರೋಟೀನಿನ ಕೈ ದೊಡ್ಡದು. ಆಮ್ಲಜನಕ ಸಾಕಷ್ಟಿದ್ದರೆ ಜೀವಕೋಶ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಯಾವುದನ್ನು ಒಡೆಯಬೇಕೆಂದು ಗುರುತು ಹಾಕಲು ಒಂದು ಕಿಣ್ವವಿದೆ. ಅದರೊಳಗೆ ಕಬ್ಬಿಣ ಇರುತ್ತದೆ. ಆಕ್ಸಿಡೇಟಿವ್ ಸ್ಟ್ರೆಸ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಚುರುಕು ಕಣಗಳು ಜೀವಕೋಶದಲ್ಲಿ ಜಾಸ್ತಿಯಾಗುವುದು. ಅವು ಈ ಕಬ್ಬಿಣವನ್ನು ತುಕ್ಕು ಹಿಡಿಸಿದ ಹಾಗೆ ಕೆಡಿಸುತ್ತವೆ. ಗುರುತು ಬೀಳುವುದಿಲ್ಲ. ಎಚ್‌ಐಎಫ್ ಉಳಿದುಕೊಳ್ಳುತ್ತದೆ. ಅದು ವಿಇಜಿಎಫ್ ಎಂಬ ಇನ್ನೊಂದು ಪ್ರೋಟೀನನ್ನು ತಯಾರು ಮಾಡಿಸುತ್ತದೆ. ಪಕ್ಕದ ನಾಳ ಗಡ್ಡೆಯ ಕಡೆಗೆ ಚಿಗುರುತ್ತದೆ. ಹೀಗೆ ಬಂದ ನಾಳಗಳು ಸೊಟ್ಟಪಟ್ಟ ಇರುತ್ತವೆ, ಸೋರುತ್ತವೆ. ರಕ್ತ ಒಮ್ಮೆ ಹರಿದರೆ ಒಮ್ಮೆ ನಿಲ್ಲುತ್ತದೆ. ಅದರಿಂದ ಆ ಕಣಗಳು ಮತ್ತಷ್ಟು ಹುಟ್ಟುತ್ತವೆ.

ಹಾಗಾದರೆ ಈ ಕಣಗಳನ್ನು ತಗ್ಗಿಸುವ ಆಂಟಿಆಕ್ಸಿಡೆಂಟ್ ಕೊಟ್ಟರೆ ನಾಳ ನಿಲ್ಲಬೇಕಲ್ವಾ? ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ತಂಡ 2023ರಲ್ಲಿ ಪ್ರಕಟಿಸಿದ್ದು ಇದಕ್ಕೆ ಉಲ್ಟಾ. ಶ್ವಾಸಕೋಶದ ಕ್ಯಾನ್ಸರ್ ಇರುವ ಇಲಿಗಳಲ್ಲಿ ವಿಟಮಿನ್ ಸಿ, ಇ ಮಾತ್ರೆಗಳಂಥವೇ ಬ್ಯಾಕ್‌1 ಎಂಬ ಪ್ರೋಟೀನನ್ನು ಬಲಪಡಿಸಿ, ಹೊಸ ನಾಳ ಬೆಳೆಸಿದವು. ಇನ್ನೊಂದು ವಿಷಯ, ಆ ಚುರುಕು ಕಣಗಳು ಮಿತಿಮೀರಿದರೆ ಕ್ಯಾನ್ಸರ್ ಕೋಶವೂ ಸಾಯುತ್ತದೆ. ಕೆಲವು ಕೀಮೋ ಔಷಧಗಳು ಕೆಲಸ ಮಾಡುವುದೂ ಸ್ವಲ್ಪ ಮಟ್ಟಿಗೆ ಹೀಗೆಯೇ. ಮಾತ್ರೆ ಅಲ್ಲೂ ಅಡ್ಡ ಬರಬಹುದು.

ನಾಳವನ್ನೇ ತಡೆಯುವ ಔಷಧ ಬೇರೆ ಇದೆ. ವಿಇಜಿಎಫ್ ಅನ್ನು ಹಿಡಿದಿಡುವ ಬೆವಾಸಿಜುಮ್ಯಾಬ್ ಇಂಜೆಕ್ಷನ್ 2004ರಿಂದ ಬಳಕೆಯಲ್ಲಿದೆ. ಅಪ್ಪನಿಗೆ ಅದು ಹೊಂದುತ್ತದಾ ಎಂದು ಡಾಕ್ಟರನ್ನು ಕೇಳಿ.

ಊಟದಲ್ಲಿ ನಿಂಬೆಹಣ್ಣು, ನೆಲ್ಲಿಕಾಯಿ, ಸೊಪ್ಪು ಇರಲಿ, ಸುಮ್ನೆ ಹೆದರಬೇಡಿ. ನಾನು ಬೇಡ ಎನ್ನುತ್ತಿರುವುದು ದೊಡ್ಡ ಡೋಸಿನ ಮಾತ್ರೆಗಳನ್ನು. ಚಿಕ್ಕಪ್ಪ ಪ್ರೀತಿಯಿಂದಲೇ ತಂದಿದ್ದಾರೆ. ಮುಂದಿನ ಸಲ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ.